ಗಂಡಹೆಂಡರ ವ್ಯಾಜ್ಯವೂ ದಾಂಪತ್ಯ ಸಮಾಲೋಚನೆಯೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಮ್ಮ ಸೀಮೆಯಲ್ಲಿ ಗಂಡಹೆಂಡರೊಳಗೆ ಮನಸ್ತಾಪ ಹುಟ್ಟಿ ಅದು ಮನೆಯ ಹೊಸ್ತಿಲನ್ನು ದಾಟಿತೆಂದರೆ ಮುಂದೆ ಏನು ನಡೆಯುತ್ತದೆಂಬದು ನಮಗೆಲ್ಲರಿಗೂ ಗೊತ್ತುಂಟು. ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಕೆಲವು ದಿವಸಗಳಾದ ಮೇಲೆ ಎರಡು ಕಡೆಯ ಹಿರಿಯರು ಕಟ್ಟೆಯ ಮೇಲಾಗಲಿ ಪಡಸಾಲೆಯಲ್ಲಾಗಲಿ ಕೂಡುತ್ತಾರೆ. ಅವನ ತಪ್ಪು ಇಷ್ಟು, ಇವಳ ತಪ್ಪು ಇಷ್ಟು ಎಂದು ಎಣಿಸುತ್ತಾರೆ. ಕಡೆಗೆ ಅವರಲ್ಲಿ ಒಬ್ಬನು, 'ಆದದ್ದಾಯಿತು, ಇನ್ನು ಹೊಂದಿಕೊಂಡು ಹೋಗಿರಿ' ಎಂದು ಹೇಳಿ ಎದ್ದುಬಿಡುತ್ತಾನೆ. ಹೇಗೆ ಹೊಂದಿಕೊಳ್ಳಬೇಕೆಂಬದನ್ನು ಮಾತ್ರ ಯಾರೂ ಹೇಳುವದಿಲ್ಲ.

ಈ ಮಾತನ್ನು ನಾನು ಪರರ ಮೇಲೆ ತಪ್ಪು ಹೊರಿಸುವದಕ್ಕೋಸ್ಕರ ಬರೆಯುವದಿಲ್ಲ. ಉಪದೇಶಿಯ ಕೆಲಸಕ್ಕೆ ಸೇರಿದ ಮೊದಲ ವರುಷಗಳಲ್ಲಿ ಒಂದು ಹಳ್ಳಿಯೊಳಗೆ ಇಂಥ ಕೂಟದಲ್ಲಿ ನಾನೇ ಕುಳಿತಿದ್ದೆನು. ಇಬ್ಬರ ಮಾತನ್ನೂ ಎಲ್ಲರ ಎದುರಿನಲ್ಲಿ ಅರ್ಧ ತಾಸು ಕೇಳಿ, ಗಂಡನು ಕುಡಿಯುವದನ್ನು ಬಿಡತಕ್ಕದ್ದು, ಹೆಂಡತಿಯು ಎದುರು ಮಾತು ಆಡಕೂಡದು ಎಂದು ತೀರ್ಪು ಹೇಳಿದೆನು. ಕೂಡಿದವರು ಅದನ್ನು ಮೆಚ್ಚಿದರು. ಆಕೆ ತಲೆ ಬಾಗಿಸಿ ಗಂಡನ ಹಿಂದೆ ನಡೆದು ಹೋದಳು. ಎಂಟು ತಿಂಗಳಾದ ತರುವಾಯ ಎರಡು ಮಕ್ಕಳನ್ನು ಕರಕೊಂಡು ಆಕೆ ತಿರಿಗಿ ತವರಿಗೆ ಬಂದಾಗ ಆಕೆಯ ಎಡಗೈ ಮುರಿದಿತ್ತು. 'ಆ ದಿವಸ ನನ್ನನ್ನು ಒಬ್ಬಳನ್ನೇ ಕರೆದು ಒಂದು ಮಾತು ಕೇಳಿದ್ದರೆ ನಾನು ಹೇಳುತ್ತಿದ್ದೆನು' ಎಂದು ನನಗೆ ಹೇಳಿದಳು. ಆ ಮಾತಿನ ದೆಸೆಯಿಂದಲೇ ನಾನು ಈ ವಿಷಯವನ್ನು ಕಲಿಯಲಾರಂಭಿಸಿದೆನು. ಕಲಿತದ್ದರಲ್ಲಿ ನಮ್ಮ ಹಳ್ಳಿಗಳಿಗೆ ಉಪಯೋಗವಾದದ್ದನ್ನು ಈ ಪಾಠದಲ್ಲಿ ಕ್ರಮವಾಗಿ ಹೇಳುವೆನು.

೧. ಇದು ಏನು?

ದಾಂಪತ್ಯ ಸಮಾಲೋಚನೆ, ಅಥವಾ ದಾಂಪತ್ಯ ಚಿಕಿತ್ಸೆ, ಎಂದರೆ ಗಂಡಹೆಂಡರಿಬ್ಬರೂ ತಮ್ಮ ಸ್ವಂತ ಇಷ್ಟದಿಂದ ಈ ಕೆಲಸವನ್ನು ಕಲಿತ ಒಬ್ಬರ ಬಳಿಗೆ ಕೂಡಿ ಹೋಗಿ, ತಮ್ಮಿಬ್ಬರ ನಡುವೆ ಕೆಟ್ಟಿರುವದು ಏನೆಂದು ಅವರ ಸಹಾಯದಿಂದ ತಿಳುಕೊಂಡು, ಅದನ್ನು ನೆಟ್ಟಗೆ ಮಾಡಿಕೊಳ್ಳುವ ಪ್ರಯತ್ನವು. ಚಿಕಿತ್ಸೆ ಎಂಬ ಶಬ್ದವನ್ನು ಕೇಳಿ ಕೆಲವರು, 'ನಮಗೇನು ಹುಚ್ಚು ಹಿಡಿದಿದೆಯೋ?' ಎಂದು ಸಿಟ್ಟಾಗುವದುಂಟು. ಅಂಥವರು ತಿಳಿಯತಕ್ಕದ್ದೇನಂದರೆ, ಇಲ್ಲಿ ರೋಗಿಯು ಗಂಡನೂ ಅಲ್ಲ, ಹೆಂಡತಿಯೂ ಅಲ್ಲ. ಅವರಿಬ್ಬರ ನಡುವೆ ಇರುವ ನಂಟಿಗೇ ಆರೈಕೆ ನಡೆಯುತ್ತದೆ.

ಬೆಟಗೇರಿಯ ನೇಕಾರರಿಗೆ ಇದನ್ನು ತಿಳಿಯುವದು ಕಠಿಣವಲ್ಲ. ಹಾಸಿನ ನೂಲೂ ಒಳ್ಳೇದು, ಹೊಕ್ಕಿನ ನೂಲೂ ಒಳ್ಳೇದು, ಆದರೂ ಬಟ್ಟೆಯು ಸೊಟ್ಟಗಾಗುವದುಂಟು. ಆಗ ಬುದ್ಧಿಯುಳ್ಳ ನೇಕಾರನು ನೂಲನ್ನು ಬೈಯುವದಿಲ್ಲ. ಎಲ್ಲಿ ಬಿಗಿ ಹೆಚ್ಚಾಯಿತು, ಎಲ್ಲಿ ಸಡಿಲಾಯಿತು ಎಂದು ನೋಡುತ್ತಾನೆ. ಸಮಾಲೋಚಕನು ಮಾಡುವದೂ ಇದೇ. ಆದಕಾರಣ ಈ ಕೆಲಸವು ಹಿರಿಯರ ನ್ಯಾಯದಂಥಾದ್ದಲ್ಲ. ನ್ಯಾಯದಲ್ಲಿ ಒಬ್ಬನು ಗೆಲ್ಲಬೇಕು, ಒಬ್ಬನು ಸೋಲಬೇಕು. ಗೆದ್ದವನೂ ಸೋತವಳೂ ರಾತ್ರಿ ಒಂದೇ ಮನೆಗೆ ಹೋಗಬೇಕಾಗುತ್ತದೆ. ಸಮಾಲೋಚನೆಯಲ್ಲಿ ತೀರ್ಪು ಎಂಬದೇ ಇಲ್ಲ.

೨. ಇದು ಎಲ್ಲಿಂದ ಬಂತು?

ಮನೆಯವರ ಜಗಳವನ್ನು ಬಿಡಿಸುವದು ಹಳೇ ಪದ್ಧತಿಯೇ. ಆದರೆ ಅದನ್ನು ಒಂದು ವಿದ್ಯೆಯಾಗಿ ಕಲಿತು ಮಾಡುವದು ಸುಮಾರು ನೂರು ವರುಷಗಳ ಈಚಿನದು. ಅಮೇರಿಕಾ ದೇಶದ ಫಿಲಡೆಲ್ಫಿಯಾ ಪಟ್ಟಣದಲ್ಲಿ ೧೯೩೨ರಲ್ಲಿ ಎಮಿಲಿ ಮಡ್ ಎಂಬ ಸ್ತ್ರೀಯು ವಿವಾಹಿತರಿಗೆ ಸಲಹೆ ಕೊಡುವ ಒಂದು ಸಂಸ್ಥೆಯನ್ನು ನಡಿಸಲಾರಂಭಿಸಿದಳು. ಬ್ರಿಟನ್ನಿನಲ್ಲಿ ೧೯೩೮ರಲ್ಲಿ ವಿವಾಹ ಮಾರ್ಗದರ್ಶನ ಮಂಡಳಿಯು ಹುಟ್ಟಿತು; ಅದನ್ನು ಹುಟ್ಟಿಸಿದವರಲ್ಲಿ ಹರ್ಬರ್ಟ್ ಗ್ರೇ ಎಂಬ ಸಭಾಪಾಲಕರು ಮುಖ್ಯರು. ಆ ಮಂಡಳಿಗೆ ೧೯೮೮ರಲ್ಲಿ ರಿಲೇಟ್ ಎಂಬ ಹೆಸರಾಯಿತು.

ನಮ್ಮ ದೇಶದಲ್ಲಿ ಈ ಕೆಲಸವು ಮೊದಲು ಮನೋರೋಗದ ಆಸ್ಪತ್ರೆಗಳಲ್ಲಿ ಬೇರೂರಿತು. ೧೯೫೦ರ ದಶಕದಲ್ಲಿ ಅಮೃತಸರದ ವೈದ್ಯರಾದ ವಿದ್ಯಾಸಾಗರರು, ರೋಗಿಯ ಮನೆಯವರನ್ನು ದೂರಕ್ಕೆ ಕಳುಹಿಸದೆ ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳಲ್ಲಿ ಇಳಿಸಿ, ರೋಗಿಯ ಸಂಗಡ ಅವರಿಗೂ ತಿಳುವಳಿಕೆ ಹೇಳುತ್ತಿದ್ದರು. ಒಬ್ಬನ ಮನಸ್ಸನ್ನು ಅವನ ಮನೆಯಿಂದ ಬೇರೆ ಮಾಡಿ ನೋಡಕೂಡದೆಂಬ ಪಾಠವು ಅಲ್ಲಿಂದ ಹಬ್ಬಿತು. ಬೆಂಗಳೂರಿನಲ್ಲಿ ೧೯೭೪ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆಯೊಳಗೆ ೧೯೭೭ರಲ್ಲಿ ಕುಟುಂಬಗಳಿಗೋಸ್ಕರವೇ ಒಂದು ಕೇಂದ್ರವಾಯಿತು. ಗಂಡಹೆಂಡರು ಮಕ್ಕಳ ಸಹಿತವಾಗಿ ಬಂದು ಉಳಿದು ಅಲ್ಲಿ ಚಿಕಿತ್ಸೆ ಪಡೆಯುವ ಏರ್ಪಾಡುಂಟು. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಸಂಸ್ಥೆಯವರು ೧೯೮೫ರಿಂದ ೧೯೯೦ರ ತನಕ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿಯೇ ಮನಸ್ಸಿನ ವ್ಯಥೆಗಳಿಗೆ ಉಪಚಾರ ಮಾಡುವದನ್ನು ನಡಿಸಿ ತೋರಿಸಿದರು. ಆ ಮಾದರಿಯನ್ನು ಹಿಡಿದು ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಪ್ರಾರಂಭವಾಯಿತು. ಹೀಗೆ ಈ ಕಾರ್ಯದ ಒಂದು ಕೊನೆಯು ದೂರದ ದೇಶದಲ್ಲಿದ್ದರೂ ಇನ್ನೊಂದು ಕೊನೆಯು ನಮ್ಮ ಮಗ್ಗುಲಲ್ಲಿಯೇ ಇದೆ.

೩. ಇದು ಹೇಗೆ ನಡೆಯುತ್ತದೆ?

ದೃಷ್ಟಾಂತಕ್ಕೋಸ್ಕರ ಒಂದು ನೇಕಾರರ ಮನೆಯನ್ನು ಭಾವಿಸಿಕೊಳ್ಳೋಣ. ಗಂಡನು ಮಗ್ಗದ ಮೇಲೆ ಕೂಡುತ್ತಾನೆ, ಹೆಂಡತಿಯು ಕಂಡಿಕೆ ಸುತ್ತುತ್ತಾಳೆ. ಕೂಲಿ ಸಾಲದೆ ಗಂಡನು ಅವಳಿಗೆ ತಿಳಿಸದೆ ಸಾಲ ಮಾಡಿದನು. ಒಂದು ದಿವಸ ಸಾಲಗಾರನು ಬಾಗಿಲಿಗೆ ಬಂದನು. ಅಂದಿನಿಂದ ಅವಳು ದಿನಾಲು ಲೆಕ್ಕ ಕೇಳುತ್ತಾಳೆ. ಅವಳು ಕೇಳಿದ ಹಾಗೆಲ್ಲಾ ಅವನು ಸುಮ್ಮನಾಗುತ್ತಾನೆ, ಎದ್ದು ಚಹದ ಅಂಗಡಿಗೆ ಹೋಗುತ್ತಾನೆ. ಅವನು ಹೋದ ಹಾಗೆಲ್ಲಾ ಅವಳ ಮಾತು ಹೆಚ್ಚಾಗುತ್ತದೆ. 'ನಾನು ಕೂಗುವದು ಇವನು ಬಾಯಿ ಬಿಡದೆ ಇರುವದರಿಂದ' ಎಂದು ಅವಳು. 'ನಾನು ಬಾಯಿ ಬಿಡದೆ ಇರುವದು ಇವಳು ಕೂಗುವದರಿಂದ' ಎಂದು ಅವನು. ಇಬ್ಬರೂ ಹೇಳುವದು ನಿಜವೇ. ಯಾರ ತಪ್ಪು ಮೊದಲು ಎಂದು ಕೇಳುತ್ತಾ ಕುಳಿತರೆ ಈ ಸುತ್ತು ಮುಗಿಯುವದೇ ಇಲ್ಲ.

ಇಂಥ ದಂಪತಿಗಳು ಸಮಾಲೋಚಕರ ಬಳಿಗೆ ಹೋದರೆ ಮೊದಲನೆಯ ದಿವಸ ಅವರು ಇಬ್ಬರನ್ನೂ ಕೂಡಿಸಿ, ಹೇಗೆ ಮದುವೆಯಾಯಿತು, ಒಳ್ಳೇ ದಿವಸಗಳು ಯಾವವು, ಬಿರುಕು ಯಾವಾಗ ಕಾಣಿಸಿತು ಎಂದು ವಿಚಾರಿಸುತ್ತಾರೆ. ಅನಂತರ ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ ಕಂಡು ಮಾತಾಡುತ್ತಾರೆ. ಇದು ಬಹು ಮುಖ್ಯವಾದದ್ದು, ಯಾಕಂದರೆ ಭಯದಿಂದ ಎದುರಿನಲ್ಲಿ ಹೇಳಲಾರದ್ದನ್ನು ಒಬ್ಬಂಟಿಗರಾಗಿದ್ದಾಗ ಹೇಳಬಲ್ಲರು. ಕೇಳಿದ ಮಾತು ಆ ಕೋಣೆಯಿಂದ ಹೊರಗೆ ಹೋಗುವದಿಲ್ಲವೆಂದೂ, ಯಾರ ಜೀವಕ್ಕಾದರೂ ಅಪಾಯವಿದ್ದರೆ ಮಾತ್ರ ಸುಮ್ಮನಿರಲಾಗದೆಂದೂ ಮೊದಲೇ ತಿಳಿಸುತ್ತಾರೆ. ಬಳಿಕ ಸಾಮಾನ್ಯವಾಗಿ ವಾರಕ್ಕೊಮ್ಮೆ ಸುಮಾರು ಒಂದು ತಾಸಿನಂತೆ ಕೆಲವು ತಿಂಗಳು ಕೂಡುವದುಂಟು.

ಕೂಡಿದಾಗ ಮಾಡುವದೇನು? ಒಂದನೆಯದು, ಮೇಲೆ ಹೇಳಿದ ಸುತ್ತನ್ನು ಇಬ್ಬರಿಗೂ ತೋರಿಸುವದು. 'ನಮ್ಮ ವೈರಿಯು ನಮ್ಮಲ್ಲಿ ಒಬ್ಬರಲ್ಲ, ಈ ಸುತ್ತೇ' ಎಂದು ಇಬ್ಬರೂ ಕಂಡುಕೊಂಡರೆ ಅರ್ಧ ದಾರಿ ನಡೆದಂತಾಯಿತು. ಎರಡನೆಯದು, ಆಲಿಸುವ ಅಭ್ಯಾಸ. ಒಬ್ಬರು ಸ್ವಲ್ಪ ಹೊತ್ತು ಮಾತಾಡಬೇಕು. ಮತ್ತೊಬ್ಬರು ಉತ್ತರ ಕೊಡದೆ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರಿಗಿ ಹೇಳಬೇಕು. 'ಹೌದು, ನಾನು ಹೇಳಿದ್ದು ಅದೇ' ಎಂದು ಮೊದಲಿನವರು ಒಪ್ಪಿದ ಮೇಲೆಯೇ ಸರದಿ ಬದಲಾಗುವದು. ಇದು ಹುಡುಗಾಟದಂತೆ ಕಂಡರೂ ಮಾಡಿ ನೋಡಿದವರಿಗೆ ಅದರ ಕಷ್ಟವು ತಿಳಿಯುವದು. ಮೂರನೆಯದು, ಸಿಟ್ಟಿನ ಕೆಳಗೆ ಇರುವದನ್ನು ಹೊರಗೆ ತರುವದು. ನಮ್ಮ ದೃಷ್ಟಾಂತದ ಗಂಡನು ಸುಮ್ಮನಿರುವದು ಸೊಕ್ಕಿನಿಂದಲ್ಲ, ಮನೆಯನ್ನು ಸಾಕಲಾರದೆ ಹೋದೆನೆಂಬ ನಾಚಿಕೆಯಿಂದ. ಹೆಂಡತಿಯು ಕೂಗುವದು ಲೆಕ್ಕಕ್ಕಾಗಿ ಅಲ್ಲ, ತಾನು ಅವನಿಗೆ ಪರಕೀಯಳಾದೆನೆಂಬ ಹೆದರಿಕೆಯಿಂದ. ಕೆನಡಾ ದೇಶದಲ್ಲಿ ಸೂಸನ್ ಜಾನ್ಸನ್, ಲೆಸ್ಲಿ ಗ್ರೀನ್‌ಬರ್ಗ್ ಎಂಬವರು ೧೯೮೦ರ ದಶಕದಲ್ಲಿ ಈ ಮೂರನೆಯ ಕೆಲಸವನ್ನೇ ಮುಖ್ಯವಾಗಿಟ್ಟು ಒಂದು ಕ್ರಮವನ್ನು ಕಟ್ಟಿದರು. ನಾಲ್ಕನೆಯದು, ಮನೆಗೆಲಸ. ಸಾಲದ ಲೆಕ್ಕವನ್ನು ವಾರಕ್ಕೊಂದು ಸಾರಿ ಇಬ್ಬರೂ ಕೂಡಿ ಬರೆಯುವದು, ದಿನಕ್ಕೊಮ್ಮೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಂಡು ಒಂದು ಒಳ್ಳೇ ಮಾತು ಹೇಳುವದು, ಇಂಥ ಚಿಕ್ಕ ಕೆಲಸಗಳನ್ನು ಕೊಟ್ಟು ಮುಂದಿನ ವಾರ ವಿಚಾರಿಸುತ್ತಾರೆ.

೪. ಇದರಿಂದ ಪ್ರಯೋಜನವುಂಟೋ?

ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಗಾಟ್‌ಮನ್ ಎಂಬ ಪಂಡಿತರು ಅನೇಕ ವರುಷಗಳ ತನಕ ದಂಪತಿಗಳ ಮಾತುಕತೆಯನ್ನು ಕಣ್ಣಿಟ್ಟು ನೋಡಿ, ನಾಲ್ಕು ನಡತೆಗಳು ಸಂಸಾರವನ್ನು ಕೆಡಿಸುತ್ತವೆಂದು ಹೇಳಿದರು. ಅವು ಯಾವವಂದರೆ, ಕೆಲಸವನ್ನು ಬಿಟ್ಟು ಮನುಷ್ಯನನ್ನೇ ನಿಂದಿಸುವದು; ಹೀನೈಸಿ ಮಾತಾಡುವದು; ಯಾವ ಮಾತಿಗೂ ತನ್ನನ್ನೇ ಸಮರ್ಥಿಸಿಕೊಳ್ಳುವದು; ಗೋಡೆಯಂತೆ ಮುಖ ತಿರುಗಿಸಿ ಕೂಡುವದು. ಇವುಗಳಲ್ಲಿ ಹೀನೈಸುವದೇ ಎಲ್ಲಕ್ಕಿಂತ ಕೆಟ್ಟದ್ದು. ದಂಪತಿಗಳ ವ್ಯಾಜ್ಯಗಳಲ್ಲಿ ನೂರಕ್ಕೆ ೬೯ ಭಾಗವು ಎಂದೂ ಪೂರ್ತಿಯಾಗಿ ಬಗೆಹರಿಯದವುಗಳೆಂದು ಅವರು ಕಂಡರು. ಇದನ್ನು ಕೇಳಿ ಎದೆಗುಂದಬಾರದು. ಚೆನ್ನಾಗಿ ಬಾಳುವವರ ಮನೆಯಲ್ಲಿಯೂ ಅದೇ ಅತ್ತೆಯ ಮಾತು, ಅದೇ ಹಣದ ಮಾತು ಇದ್ದೇ ಇರುತ್ತದೆ. ಆದರೆ ಅವರು ಅದನ್ನು ಆಡುವ ರೀತಿಯು ಬೇರೆ. ಆ ರೀತಿಯನ್ನೇ ಕಲಿಸಬಹುದು, ಕಲಿಯಬಹುದು.

ಕಲಿತವರು ಸುಧಾರಿಸುತ್ತಾರೋ? ನೀಲ್ ಜೇಕಬ್‌ಸನ್, ಆಂಡ್ರ್ಯೂ ಕ್ರಿಸ್ಟೆನ್‌ಸನ್ ಎಂಬ ಅಮೇರಿಕಾದ ಪಂಡಿತರು ಬಹಳ ಕಷ್ಟದಲ್ಲಿದ್ದ ೧೩೪ ದಂಪತಿಗಳಿಗೆ ಚಿಕಿತ್ಸೆ ಕೊಡಿಸಿ ಅವರನ್ನು ಐದು ವರುಷಗಳ ವರೆಗೆ ಹಿಂಬಾಲಿಸಿ ವಿಚಾರಿಸುವ ಏರ್ಪಾಡು ಮಾಡಿದರು. ಐದು ವರುಷಗಳಾದ ಮೇಲೆ ಹೆಚ್ಚು ಕಡಿಮೆ ಅರ್ಧದಷ್ಟು ದಂಪತಿಗಳು ಮೊದಲಿಗಿಂತ ಚೆನ್ನಾಗಿದ್ದರು. ಕಾಲು ಭಾಗದಷ್ಟು ಮಂದಿ ಬೇರೆಯಾಗಿದ್ದರು. ಆದ್ದರಿಂದ ಇದನ್ನು ಮಾಟಮಂತ್ರದ ಹಾಗೆ ಹೊಗಳುವದೂ ತಪ್ಪು, ಏನೂ ಆಗುವದಿಲ್ಲವೆಂದು ತಳ್ಳಿಬಿಡುವದೂ ತಪ್ಪು. ಕಾಲುಭಾಗ ಬೇರೆಯಾದವರಿಗೂ ಇಂಥ ಸಹಾಯವು ಒಂದು ರೀತಿಯಲ್ಲಿ ಉಪಯೋಗವೇ. ಮಕ್ಕಳನ್ನು ನಡುವೆ ಎಳೆದಾಡದೆ, ವೈರ ಬೆಳಿಸದೆ ಅಗಲುವದನ್ನಾದರೂ ಅದರಿಂದ ಕಲಿಯಬಹುದು. ಒಂದು ಮಾತು ಮಾತ್ರ ನಿಶ್ಚಯ: ಇಬ್ಬರಿಗೂ ಸ್ವಲ್ಪವಾದರೂ ಮನಸ್ಸಿರುವಾಗಲೇ ಹೋಗಬೇಕು. ನೆಲ ಒಣಗಿ ಬಿರಿಯುವ ತನಕ ಕಾದು ಬಿತ್ತುವ ರೈತನು ನಮ್ಮ ಮುಂಡರಗಿಯ ಹೊಲಗಳಲ್ಲಿ ಯಾರೂ ಇಲ್ಲ.

೫. ಯಾವಾಗ ಇದು ಕೂಡದು?

ಈ ಭಾಗವನ್ನು ಸಭೆಯ ಹಿರಿಯರು ಎರಡು ಸಾರಿ ಓದಬೇಕೆಂದು ಬೇಡುತ್ತೇನೆ. ಹೊಡೆತ ಬಡಿತಗಳಿರುವ ಮನೆಯಲ್ಲಿ ಗಂಡಹೆಂಡರನ್ನು ಕೂಡಿಸಿ ಸಮಾಲೋಚನೆ ಮಾಡುವದು ಅಪಾಯಕರವು. ಯಾಕಂದರೆ ಆ ಕೋಣೆಯಲ್ಲಿ ಆಕೆ ಧೈರ್ಯದಿಂದ ಆಡಿದ ಸತ್ಯಕ್ಕೆ ರಾತ್ರಿ ಮನೆಯಲ್ಲಿ ದಂಡ ತೆರಬೇಕಾಗುತ್ತದೆ. ಅಲ್ಲದೆ 'ಇಬ್ಬರ ತಪ್ಪೂ ಇದೆ' ಎಂಬ ಮಾತು ಇಲ್ಲಿ ಸಲ್ಲದು. ಸುತ್ತಿನಲ್ಲಿ ಇಬ್ಬರಿಗೂ ಪಾಲಿರಬಹುದು. ಎತ್ತಿದ ಕೈ ಮಾತ್ರ ಎತ್ತಿದವನದೇ.

ಇದು ಅಪರೂಪದ ಸಂಗತಿಯೆಂದು ಯಾರೂ ಹೇಳಲಾರರು. ೨೦೧೯-೨೦ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ೧೮ರಿಂದ ೪೯ ವರುಷ ವಯಸ್ಸಿನ ಮದುವೆಯಾದ ಸ್ತ್ರೀಯರೊಳಗೆ ನೂರಕ್ಕೆ ೪೪ ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದೆವೆಂದು ಹೇಳಿದರು. ಹಾಗಾದರೆ ನಮ್ಮ ಕೂಟಗಳ ಮುಂದೆ ತಲೆ ಬಾಗಿಸಿ ಕೂಡುವವರೊಳಗೆ ಎಷ್ಟು ಮಂದಿ ಬಾಯಿ ಬಿಡದೆ ಹೋಗಿರಬಹುದು!

ಕಾನೂನು ಸಹ ಈ ಭೇದವನ್ನು ಮಾಡಿದೆ. ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ ಪ್ರಕಾರ ನ್ಯಾಯಾಧೀಶರು ಸಮಾಲೋಚನೆಗೆ ಕಳುಹಿಸಬಹುದು; ಆದರೆ ೨೦೦೬ರ ನಿಯಮಗಳಲ್ಲಿ, ಆ ಸಮಾಲೋಚನೆಯು ಹಿಂಸೆಯು ತಿರಿಗಿ ನಡೆಯದೆಂಬ ಭರವಸೆಯನ್ನು ಪಡೆಯುವದಕ್ಕಾಗಿಯೇ ಇರತಕ್ಕದ್ದೆಂದೂ, ತಾನು ಹೊಡೆದದ್ದಕ್ಕೆ ಕಾರಣವಿತ್ತೆಂದು ಎದುರುವಾದ ಹೇಳುವದಕ್ಕೆ ಅಲ್ಲಿ ಅವಕಾಶ ಕೊಡಕೂಡದೆಂದೂ ಇದೆ. ನಾನು ಆ ಹಳ್ಳಿಯಲ್ಲಿ ಮಾಡಿದ್ದು ಇದಕ್ಕೆ ಸರಿಯಾಗಿ ವಿರುದ್ಧವಾದದ್ದು. ಗಂಡನ ಕಾರಣಗಳನ್ನು ಕೇಳಿದೆನು. ಹೆಂಡತಿಯ ಭಯವನ್ನು ಕೇಳಲಿಲ್ಲ. ಕುಡಿತವು ಹೆಚ್ಚಾಗಿರುವ ಮನೆಯಲ್ಲಿಯೂ ಕುಡಿತಕ್ಕೆ ಬೇರೆ ಚಿಕಿತ್ಸೆ ಬೇಕು. ಅದು ಮೆದುಳಿಗೂ ದೇಹಕ್ಕೂ ತಗಲಿದ ಚಟವಾದದರಿಂದ 'ಬಿಡು' ಎಂದು ಆಣೆ ಮಾಡಿಸಿದ ಮಾತ್ರಕ್ಕೆ ಬಿಡುವದಿಲ್ಲ. ದಿನಾಲು ಬಹಳ ಕುಡಿಯುವವನು ವೈದ್ಯರ ಸಹಾಯವಿಲ್ಲದೆ ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೆ ಅಪಾಯವಾಗುವದೂ ಉಂಟು.

೬. ಯಾರ ಬಳಿಗೆ ಹೋಗಬೇಕು?

ಗದಗಿನಲ್ಲಿ ಸರಕಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಅಲ್ಲಿಯ ಮನೋರೋಗ ವಿಭಾಗದಲ್ಲಿ ಮೊದಲು ವಿಚಾರಿಸಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯುಂಟು. ೧೮೪೫ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಹುಟ್ಟಿದ ಆ ಸ್ಥಳವು ಈಗ ಎಲ್ಲಾ ವಿಧದ ಮನೋವ್ಯಥೆಗಳವರನ್ನೂ ನೋಡುತ್ತದೆ. ಅಲ್ಲಿಗೆ ಹೋದವರೆಲ್ಲರೂ ಹುಚ್ಚರೆಂಬ ಹಳೇ ಮಾತನ್ನು ನಾವು ಬಿಡಬೇಕು. ದೂರ ಹೋಗಲಾರದವರು ೧೪೪೧೬ ಎಂಬ ಟೆಲಿ-ಮಾನಸ್ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ, ಹಗಲು ರಾತ್ರಿ ಮಾತಾಡುವವರು ಸಿಗುತ್ತಾರೆ. ಈ ಸೇವೆಯು ೨೦೨೨ರ ಅಕ್ಟೋಬರದಲ್ಲಿ ಪ್ರಾರಂಭವಾಯಿತು. ದುಡಿಯುವದಕ್ಕೆ ಗೋವೆಗೂ ಮಂಗಳೂರಿಗೂ ಹೋಗಿರುವವರು ಅಲ್ಲಿಂದಲೇ ಇದನ್ನು ಉಪಯೋಗಿಸಬಹುದು.

ವ್ಯಾಜ್ಯವು ಕೋರ್ಟಿಗೆ ಹೋಗಿದ್ದರೂ ದಾರಿ ಮುಚ್ಚಲಿಲ್ಲ. ೧೯೮೪ರ ಕುಟುಂಬ ನ್ಯಾಯಾಲಯಗಳ ಕಾಯಿದೆಯಲ್ಲಿ, ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನ ಮಾಡತಕ್ಕದ್ದೆಂದೂ ಅದಕ್ಕಾಗಿ ಸಮಾಲೋಚಕರನ್ನು ಇಟ್ಟುಕೊಳ್ಳಬಹುದೆಂದೂ ಇದೆ. ೧೯೮೭ರ ಕಾಯಿದೆಯ ಪ್ರಕಾರ ಸ್ತ್ರೀಯರಿಗೆ, ಅವರ ಆದಾಯವು ಎಷ್ಟಿದ್ದರೂ, ಕಾನೂನಿನ ನೆರವು ಉಚಿತವಾಗಿ ಸಿಗುತ್ತದೆ; ಇದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು. ಹಿಂಸೆಯಿದ್ದಲ್ಲಿ ರಾಜಿಯ ಮಾತನ್ನು ಬದಿಗಿಟ್ಟು ಮೊದಲು ಮಹಿಳೆಯರ ಸಹಾಯವಾಣಿಯಾದ ೧೮೧ಕ್ಕೆ, ಕೂಡಲೇ ಅಪಾಯವಿದ್ದರೆ ೧೧೨ಕ್ಕೆ ತಿಳಿಸತಕ್ಕದ್ದು.

೭. ನಾವು ಮಾಡತಕ್ಕದ್ದೇನು?

ಎಲ್ಲಾ ಹಳ್ಳಿಗಳಲ್ಲಿ ಕಲಿತ ಸಮಾಲೋಚಕರು ಇಲ್ಲ. ಆದಕಾರಣ ಹಿರಿಯರ ಕೂಟವು ಇನ್ನೂ ನಡೆಯುವದು, ನಡೆಯಲಿ. ಆದರೆ ಅದರ ರೀತಿಯನ್ನು ತಿದ್ದಿಕೊಳ್ಳಬಹುದು. ಕೂಟವು ಸಣ್ಣದಾಗಿರಲಿ, ಊರೆಲ್ಲಾ ಕೂಡುವದು ಬೇಡ. ಕೂಡುವದಕ್ಕೆ ಮೊದಲು ಹೆಂಡತಿಯನ್ನು ಒಬ್ಬ ಹಿರಿಯ ಸ್ತ್ರೀಯು, ಗಂಡನನ್ನು ಒಬ್ಬ ಹಿರಿಯನು ಬೇರೆ ಬೇರೆಯಾಗಿ ಕಂಡು, 'ಮನೆಯಲ್ಲಿ ನಿಮಗೆ ಭಯವುಂಟೋ?' ಎಂದು ಕೇಳಬೇಕು. ಭಯವುಂಟೆಂದರೆ ಕೂಟವನ್ನು ನಿಲ್ಲಿಸಿ ಮೇಲೆ ಹೇಳಿದ ನೆರವನ್ನು ಹುಡುಕಬೇಕು. ಭಯವಿಲ್ಲವೆಂದರೆ ಇಬ್ಬರ ಮಾತನ್ನೂ ಪೂರ್ತಿಯಾಗಿ ಕೇಳಿ, ತೀರ್ಪು ಹೇಳದೆ, 'ಮುಂದಿನ ವಾರದ ವರೆಗೆ ನೀವಿಬ್ಬರೂ ಮಾಡಬಲ್ಲ ಒಂದು ಚಿಕ್ಕ ಕೆಲಸ ಯಾವದು?' ಎಂದು ಅವರನ್ನೇ ಕೇಳಬೇಕು. ಮುಂದಿನ ವಾರ ತಪ್ಪದೆ ಹೋಗಿ ವಿಚಾರಿಸಬೇಕು. ಹೊಂದಿಕೊಳ್ಳಿರೆಂದು ಹೇಳಿ ಎದ್ದುಹೋಗುವದಕ್ಕೂ ಇದಕ್ಕೂ ಇರುವ ಭೇದವು ಇಷ್ಟೇ, ಆದರೆ ಅದು ಸಣ್ಣದಲ್ಲ.

ದಂಪತಿಗಳು ತಾವೇ ಮನೆಯಲ್ಲಿ ಅಭ್ಯಾಸ ಮಾಡುವದಕ್ಕೆ ಒಂದು ಮಾತು. ಸಿಟ್ಟು ಏರಿ ಎದೆ ಬಡಿಯುತ್ತಿರುವಾಗ ಮಾತನ್ನು ನಿಲ್ಲಿಸಿ, 'ಅರ್ಧ ತಾಸಿನ ಮೇಲೆ ಮಾತಾಡೋಣ' ಎಂದು ಹೇಳಿ ಏಳಬಹುದು. ದೇಹವು ಶಾಂತವಾಗುವದಕ್ಕೆ ಇಪ್ಪತ್ತು ನಿಮಿಷಗಳಾದರೂ ಬೇಕು. ಆದರೆ ಹೇಳಿದ ಹೊತ್ತಿಗೆ ತಪ್ಪದೆ ತಿರಿಗಿ ಬರಬೇಕು. ಹೇಳದೆ ಎದ್ದು ಹೋಗುವದು ಗೋಡೆ ಕಟ್ಟಿದ ಹಾಗೆ. ಹೇಳಿ ಹೋಗಿ ತಿರಿಗಿ ಬರುವದು ಬಾಗಿಲು ಇಟ್ಟ ಹಾಗೆ.

ಕೈ ಮುರಿದ ಆ ತಾಯಿಯು ಈಗ ತವರಿನ ಊರಿನಲ್ಲಿ ಹೊಲಿಗೆಯ ಕೆಲಸ ಮಾಡಿ ಮಕ್ಕಳನ್ನು ಓದಿಸುತ್ತಿದ್ದಾಳೆ. ನಾನು ಆ ಮನೆಗೆ ಹೋದಾಗಲೆಲ್ಲಾ ಆಕೆ ಚಹ ಕೊಡುತ್ತಾಳೆ, ಹಳೇ ಮಾತನ್ನು ಎತ್ತುವದಿಲ್ಲ. ನಾನಂತೂ ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಬೇರೆ ಬೇರೆಯಾಗಿ ಕೇಳದೆ ಕೂಟಕ್ಕೆ ಕುಳಿತಿಲ್ಲ.

ಸಭೆಗಳಲ್ಲಿ ಕೂಡಿ ಯೋಚಿಸತಕ್ಕ ಪ್ರಶ್ನೆಗಳು

೧. ನ್ಯಾಯ ತೀರಿಸುವದಕ್ಕೂ ಸಮಾಲೋಚನೆಗೂ ಇರುವ ಭೇದವೇನು?
೨. ಪಾಠದ ದೃಷ್ಟಾಂತದಲ್ಲಿ ಗಂಡನ ಮೌನದ ಕೆಳಗೂ ಹೆಂಡತಿಯ ಕೂಗಿನ ಕೆಳಗೂ ಏನಿತ್ತು? ನಮ್ಮ ಮನೆಗಳಲ್ಲಿ ಇಂಥ ಸುತ್ತು ಯಾವದು?
೩. ದಂಪತಿಗಳನ್ನು ಕೂಡಿಸಿ ಮಾತಾಡಿಸುವದು ಯಾವಾಗ ಅಪಾಯಕರವು? ಆಗ ನಾವು ಏನು ಮಾಡಬೇಕು?
೪. ನಮ್ಮ ಊರಿನ ಹಿರಿಯರ ಕೂಟದಲ್ಲಿ ಸ್ತ್ರೀಯರು ಎಷ್ಟು ಮಂದಿ ಇದ್ದಾರೆ? ಹೆಣ್ಣುಮಗಳು ಭಯವಿಲ್ಲದೆ ಮಾತಾಡಬಲ್ಲ ಒಬ್ಬರಾದರೂ ಅಲ್ಲಿ ಇದ್ದಾರೋ?